ಸುಮಿತ್ರಳ ಕರ್ಪೂರದ ಡಬ್ಬಗಳು

ಪಾಂಡವಪುರದ ಸುಮಿತ್ರ ಆಲುವಕ್ಕೆ ಬಂದು ವ್ಯಾಪಾರಕ್ಕಿಳಿದಳು ಎಂದರೆ ಅದಕ್ಕೆ ಗಂಡನ ಬ್ಯಾಂಕು ಒಂದು ಕಾರಣ, ಅತ್ತೆಯ ಬೆರಳು ಇನ್ನೊಂದು ಕಾರಣ, ಮಿಕ್ಕಿದ್ದೆಲ್ಲ ಅವಳ ಹಟ. ಬ್ಯಾಂಕಿನವರು ಜಯಣ್ಣನಿಗೆ ಬಡ್ತಿ ಕೊಟ್ಟರು, ಅದರ ಬಾಲಕ್ಕೆ ಕೇರಳದ ವರ್ಗಾವಣೆಯನ್ನೂ ಕಟ್ಟಿ ಕಳಿಸಿದರು. 2005ರ ಮಳೆಗಾಲದಲ್ಲಿ ಗಂಡ, ಹೆಂಡತಿ, ಮಗಳು ಪ್ರತೀಕ್ಷಾ, ಜಯಣ್ಣನ ತಾಯಿ ಚಂದ್ರಮ್ಮ, ಎರಡು ಲಾರಿ ಸಾಮಾನು ಆಲುವದ ಬಾಡಿಗೆ ಮನೆಗೆ ಬಂದಿಳಿದವು. ಒಂದು ಲಾರಿ ಸಾಕಿತ್ತು. ಚಂದ್ರಮ್ಮ ಒರಳುಕಲ್ಲನ್ನೂ ಬಿಡಲಿಲ್ಲ.

ಮಗಳು ಆರು ತಿಂಗಳಿಗೆ ಮಲಯಾಳ ಕಲಿತು, ಕನ್ನಡದಲ್ಲಿ ಕೇಳಿದ್ದಕ್ಕೂ ಮಲಯಾಳದಲ್ಲೇ ಉತ್ತರ ಕೊಡತೊಡಗಿದಳು. ಜಯಣ್ಣನಿಗೆ ಬ್ಯಾಂಕಿತ್ತು. ಎಪ್ಪತ್ತು ದಾಟಿದ ಚಂದ್ರಮ್ಮನಿಗೆ ಮಾತ್ರ ಮಾತಾಡಲು ಜನವಿಲ್ಲ, ಬೈಯಲು ನೆರೆಹೊರೆಯಿಲ್ಲ. ಬೈಗುಳ ಅರ್ಥವಾಗದವರನ್ನು ಬೈದು ಏನು ಸುಖ? ಅವರು ಹತ್ತಿ ತರಿಸಿಕೊಂಡು ಗೆಜ್ಜೆವಸ್ತ್ರ ಮಾಡಲು ಕೂತರು. ಹತ್ತಿಯನ್ನು ಎಳೆದು ಹೊಸೆದು, ಬೆರಳಗಲಕ್ಕೊಂದು ಗೆಜ್ಜೆಯಂತೆ ಉಬ್ಬಿಸಿ, ಅರಿಶಿನ ಕುಂಕುಮ ಹಚ್ಚಿ ದೇವರಿಗೆ ಏರಿಸುವ ಹಾರ ಅದು. ಮೂರು ತಿಂಗಳಲ್ಲಿ ಮನೆಯ ದೇವರಿಗೆ ಮೂರು ಜನ್ಮಕ್ಕಾಗುವಷ್ಟು ಗೆಜ್ಜೆವಸ್ತ್ರ ಕಪಾಟಿನಲ್ಲಿ ತುಂಬಿತು.

ಸುಮಿತ್ರಳ ಚಿಕ್ಕಪ್ಪನ ಮಗಳೊಬ್ಬಳು ಗುರಗಾಂವದಿಂದ ಫೋನು ಮಾಡಿ, "ಇಲ್ಲಿ ಗೆಜ್ಜೆವಸ್ತ್ರ ಅಂದ್ರೆ ಬಟ್ಟೆ ಅಂಗಡಿ ತೋರಿಸ್ತಾರೆ ಕಣೇ" ಎಂದು ಗೋಳು ಹೇಳಿಕೊಂಡದ್ದೇ ನೆಪ. ಪ್ರತೀಕ್ಷಾ ಗೆಳತಿಯ ಕ್ಯಾಮೆರಾ ತಂದು ಹಾರದ ಫೋಟೋ ಹೊಡೆದು, ಇಂಟರ್ನೆಟ್ಟಿನಲ್ಲಿ ಮಾರುವ ಕೊಳ್ಳುವ ಜಾಲತಾಣವೊಂದಕ್ಕೆ ಹಾಕಿದಳು. ಪುಣೆಯಿಂದ ಬೇಡಿಕೆ ಬಂತು, ಜಮ್‌ಶೆಡ್‌ಪುರದಿಂದ ಬಂತು, ಗುವಾಹಟಿಯಿಂದಲೂ ಬಂತು. ಎಲ್ಲೆಲ್ಲೋ ಹೋಗಿ ನೆಲೆಸಿದ ಕನ್ನಡದ ಹೆಣ್ಣುಮಕ್ಕಳಿಗೆ ಬೇಕಾದದ್ದು ಬರೀ ಹಾರವಲ್ಲ, ಹಬ್ಬ ಎಂಬುದು ಸುಮಿತ್ರಳಿಗೆ ಬೇಗ ಹೊಳೆಯಿತು. ಗೆಜ್ಜೆವಸ್ತ್ರ, ಬತ್ತಿ, ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಒಂದು ಪುಟ್ಟ ಹಿತ್ತಾಳೆ ದೀಪ, ಎಲ್ಲ ಸೇರಿಸಿ ಅವಳು "ವ್ರತದ ಡಬ್ಬ" ಎಂದು ಹೆಸರಿಟ್ಟಳು. ಜಯಣ್ಣ ಮೊದಲು ನಕ್ಕ. ಆಮೇಲೆ ಸಂಜೆ ಬ್ಯಾಂಕಿನಿಂದ ಬಂದವನು ಅಂಗಿ ಬದಲಿಸುವ ಮೊದಲೇ "ಇವತ್ತೆಷ್ಟು ಡಬ್ಬ?" ಎಂದು ಕೇಳುವಂತಾದ.

ಮೊದಲ ಕೆಲವು ಡಬ್ಬಗಳಲ್ಲಿ ಕರ್ಪೂರವೂ ಬೆಂಕಿಪೊಟ್ಟಣವೂ ಇದ್ದವು. ಅದನ್ನು ನೋಡಿ ಹೌಹಾರಿದವನು ಅಶ್ರಫ್. ಅವನು ಆಲುವದ ಕೊರಿಯರ್ ಏಜೆಂಟ್. ಮಂಗಳೂರಿನ ಬಂದರಿನಲ್ಲಿ ನಾಲ್ಕು ವರ್ಷ ದುಡಿದು ಬಂದವನಾದ್ದರಿಂದ ಕನ್ನಡ ಬರುತ್ತಿತ್ತು, ಅಕ್ಕ ಎನ್ನುವಲ್ಲಿ ಮಾತ್ರ ಮಲಯಾಳದ ಚೇಚಿಯೇ ಬರುತ್ತಿತ್ತು. "ಚೇಚಿ, ಇದು ವಿಮಾನದಲ್ಲಿ ಹೋಗುವ ಸಾಮಾನು. ಬೆಂಕಿ ಹತ್ತುವಂಥದ್ದು ಒಂದೂ ಇಡಬಾರದು" ಎಂದು ಎರಡನ್ನೂ ಎತ್ತಿ ಅವಳ ಕೈಗೇ ಕೊಟ್ಟ. ಅಂದಿನಿಂದ ಸುಮಿತ್ರ ಕರ್ಪೂರ ಇಡುವುದನ್ನು ನಿಲ್ಲಿಸಿದಳು. ಒಳಗೆ ಅಪಾಯಕಾರಿ ವಸ್ತು ಯಾವುದೂ ಇಲ್ಲ ಎಂದು ಪ್ರತಿ ಡಬ್ಬದ ಚೀಟಿಯ ಮೇಲೂ ರುಜು ಹಾಕುತ್ತಿದ್ದಳು. ಡಬ್ಬ ತುಂಬುವ ಕೆಲಸ ಚಂದ್ರಮ್ಮನದು, ಟೇಪು ಸುತ್ತಿ ರುಜು ಹಾಕುವುದು ಸೊಸೆಯದು. ಅತ್ತೆಗೂ ವಿಷಯ ಹೇಳಿದ್ದಳು. ಅತ್ತೆ "ಹೂಂ" ಎಂದಿದ್ದರು. ಚಂದ್ರಮ್ಮನ ಹೂಂ ಒಪ್ಪಿಗೆಯಲ್ಲ, ಮಾತು ಕಿವಿಗೆ ಬಿತ್ತು ಎಂಬುದಕ್ಕೆ ರಸೀದಿ ಅಷ್ಟೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಸುಮಿತ್ರಳಿಗೆ ಅದು ಮರೆತುಹೋಗಿತ್ತು.

2008ರಲ್ಲಿ ವರಮಹಾಲಕ್ಷ್ಮಿ ವ್ರತ ಸ್ವಾತಂತ್ರ್ಯ ದಿನದಂದೇ ಬಿದ್ದಿತ್ತು. ಭೀಮನ ಅಮಾವಾಸ್ಯೆಗೆ ಮೂರು ದಿನವಿರುವಾಗ, ಮಂಗಳವಾರ ಬೆಳಿಗ್ಗೆ, ಸುಮಿತ್ರ ರವಿಕೆ ಕಣ ಮಡಿಸುತ್ತಿದ್ದಾಗ ಅಶ್ರಫನ ಫೋನು ಬಂತು.

"ಚೇಚಿ, ಡಬ್ಬದಲ್ಲಿ ಕರ್ಪೂರ ಇಟ್ಟದ್ದು ಎಂತಕ್ಕೆ?"

"ಇಟ್ಟಿಲ್ವಲ್ಲ ಅಶ್ರಫ್! ಅದನ್ನ ನಿಲ್ಲಿಸಿ ವರ್ಷದ ಮೇಲಾಯ್ತು."

"ನೆಡುಂಬಾಶ್ಶೇರಿ ಏರ್‌ಪೋರ್ಟಿನಲ್ಲಿ ನಿಮ್ಮದೊಂದು ಡಬ್ಬ ಬಿಚ್ಚಿದ್ದಾರೆ, ನಿನ್ನೆ ಕಳಿಸಿದ್ದೆಲ್ಲ ತಡೆದಿದ್ದಾರೆ. ಹತ್ತಿ ಹಾರದ ಕಾಗದದ ಒಳಗೆ ಕರ್ಪೂರದ ಪೊಟ್ಟಣ ಉಂಟು. ನಾನೇ ಹೋಗಿ ಕಣ್ಣಾರೆ ನೋಡಿದೆ. ಅದರಲ್ಲಿ ನಾಲ್ಕು ಕರಿಮೆಣಸು ಬೇರೆ."

ಕರಿಮೆಣಸು ಎಂದದ್ದೇ ಸುಮಿತ್ರ ಫೋನು ಇಟ್ಟು ಹಿತ್ತಲಿಗೆ ನಡೆದಳು. ಕರ್ಪೂರ ಗಾಳಿಗೆ ಹಾರಿಹೋಗದಿರಲೆಂದು ಅದರ ಜೊತೆ ನಾಲ್ಕು ಕಾಳು ಮೆಣಸು ಹಾಕಿಡುವವರು ಆ ಮನೆಯಲ್ಲಿ ಒಬ್ಬರೇ. ಅವರು ಹಿತ್ತಲಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಹತ್ತಿ ಬಿಡಿಸುತ್ತಿದ್ದರು.

"ಅತ್ತೆಮ್ಮ, ಡಬ್ಬದೊಳಕ್ಕೆ ಕರ್ಪೂರ ಹಾಕ್ತಿದ್ರಾ?"

"ಹಾಕ್ದೆ. ಅದಕ್ಯಾಕಿಂಗೆ ಕಣ್ಣು ಬಿಡ್ತೀಯೆ?"

"ಹಾಕ್ಬೇಡಿ ಅಂತ ಹೇಳಿದ್ನಲ್ಲ!"

"ನೀ ಬ್ಯಾಡ ಅಂದಿದ್ದು ದುಡ್ಡಿಗೆ ಮಾರೋ ಕರ್ಪೂರ ಅಂದ್ಕಂಡೆ. ನಾ ಹಾಕಿದ್ದು ಪುಗಸಟ್ಟೆ. ಮಂಗಳಾರತಿ ಇಲ್ದಿರೋ ಪೂಜೆಯ ಕಟ್ಟಿ ಕಳಿಸ್ತಾರೇನೆ ಯಾರಾದ್ರೂ? ಆ ಹೆಣ್ಮಕ್ಳು ಎಲ್ಲಾ ಅಣಿ ಮಾಡ್ಕಂಡು, ಕಡೇಗೆ ಆರತಿ ತಟ್ಟೆ ಹಿಡ್ಕಂಡು ಪಿಳಿಪಿಳಿ ಅಂತ ನಿಂತ್ಕಬೇಕಾ?"

"ಬೆಂಕಿಪೊಟ್ಟಣಾನೂ ಹಾಕಿದ್ರಾ?"

"ಅದ್ನ್ಯಾಕೆ ಹಾಕ್ಲಿ? ನಂಗಷ್ಟೂ ಬುದ್ಧಿ ಇಲ್ವಾ?"

"ಎಷ್ಟು ಡಬ್ಬಕ್ಕೆ ಹಾಕಿದ್ರಿ ಅತ್ತೆಮ್ಮ?"

"ಈ ಹಬ್ಬದ್ವು ಎಲ್ಲಾದ್ಕೂವೆ. ಒಬ್ಳಿಗೆ ಹಾಕಿ ಒಬ್ಳಿಗೆ ಬಿಡಕ್ಕಾಯ್ತದಾ?"

ಸುಮಿತ್ರ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೋಮವಾರದ ಡಬ್ಬಗಳನ್ನೆಲ್ಲ ವಿಮಾನ ನಿಲ್ದಾಣದಲ್ಲಿ ತಡೆದಿದ್ದಾರೆ, ಅವು ಹೋಗಲಿ. ಹಿಂದಿನ ವಾರ ಕಳಿಸಿದ ಇಪ್ಪತ್ತೊಂದು ಡಬ್ಬಗಳು ಆಗಲೇ ದಾರಿ ಹಿಡಿದಿದ್ದವು. ಯಾವುದು ಲಾರಿಯಲ್ಲಿದೆಯೋ, ಯಾವುದು ಯಾವ ವಿಮಾನದ ಹೊಟ್ಟೆಯಲ್ಲಿದೆಯೋ ಅವಳಿಗೆ ಗೊತ್ತಿಲ್ಲ. ಎಲ್ಲದರ ಮೇಲೂ ಅವಳ ರುಜು.

ಮಧ್ಯಾಹ್ನ ಅಶ್ರಫ್ ಮನೆಗೆ ಬಂದ. ಕಂಪನಿಯವರು ಸುಮಿತ್ರಳ ಖಾತೆಗೆ ಬೀಗ ಹಾಕಿದ್ದರು. ಹಬ್ಬಕ್ಕೆ ಇನ್ನೂ ನಲವತ್ತು ಡಬ್ಬ ಹೋಗಬೇಕಿತ್ತು. ಅವನು ಪಾಪ, ಒಳ್ಳೆಯದಕ್ಕೇ ಒಂದು ಪತ್ರ ಟೈಪು ಮಾಡಿಸಿ ತಂದಿದ್ದ: ಈ ಒಂದು ಡಬ್ಬದಲ್ಲಿ ಕಣ್ತಪ್ಪಿನಿಂದ ಕರ್ಪೂರ ಸೇರಿದೆ, ಬೇರೆ ಯಾವುದರಲ್ಲೂ ಇಲ್ಲ, ಮುಂದೆ ಹೀಗಾಗದು. "ಇದಕ್ಕೆ ರುಜು ಹಾಕಿ ಚೇಚಿ. ಎರಡು ದಿನದಲ್ಲಿ ಬೀಗ ತೆಗೆಸುವ ಕೆಲಸ ನನ್ನದು."

"ಬೇರೆ ಇಪ್ಪತ್ತೊಂದರಲ್ಲೂ ಇದೆ ಅಶ್ರಫ್."

ಅಶ್ರಫ್ ಕಿವಿ ಮುಚ್ಚಿಕೊಂಡ, ನಿಜವಾಗಿಯೂ ಎರಡೂ ಕೈಯಿಂದ. "ನಾನು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡರೆ ನನ್ನ ಏಜೆನ್ಸಿ ಹೋಗ್ತದೆ. ಅವು ಎರಡು ದಿನದಲ್ಲಿ ಮನೆ ಸೇರ್ತವೆ, ಯಾರಿಗೂ ಗೊತ್ತಾಗುವುದಿಲ್ಲ."

"ಅವನ್ನ ತಡೆಯೋರು ಯಾರು?"

"ಕಂಪನಿಯ ತಿರುವನಂತಪುರದ ಆಫೀಸಿನಲ್ಲಿ ಒಬ್ಬರು ಸಾರ್ ಇದ್ದಾರೆ. ಅವರು ಮಾತ್ರ. ಅವರ ಹತ್ತಿರ ಹೋದರೆ ಖಾತೆಯ ಆಸೆ ಬಿಟ್ಟುಬಿಡಿ."

ಸುಮಿತ್ರ ಆ ಆಫೀಸಿಗೆ ಫೋನು ಮಾಡಿದಳು. ಫೋನೆತ್ತಿದ ಹುಡುಗಿ, ಏನಿದ್ದರೂ ಬರೆದು ಕಳಿಸಿ, ಮೂರು ದಿನದಲ್ಲಿ ಉತ್ತರ ಬರುತ್ತದೆ ಎಂದು ಇಟ್ಟುಬಿಟ್ಟಳು. ಸಂಜೆ ಜಯಣ್ಣನಿಗೆ ಹೇಳಿದರೆ ಅವನು ಬ್ಯಾಂಕಿನವನ ಬುದ್ಧಿ ತೋರಿಸಿದ. "ಸುಮಿ, ಪತ್ರಕ್ಕೆ ರುಜು ಹಾಕ್ಬಿಡು. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಬಿಲ್ಲೆ ಕರ್ಪೂರ ಕಣೇ, ಬಾಂಬಲ್ಲ."

ಬಿಲ್ಲೆ ಕರ್ಪೂರವೇ. ಹುಟ್ಟಿದಾಗಿನಿಂದ ನೋಡಿದ್ದು, ಕಣ್ಣಿಗೊತ್ತಿಕೊಂಡದ್ದು. ಸುಮಿತ್ರ ಎದ್ದು, ಡಬ್ಬಕ್ಕೆ ಹಾಕುವ ಒಂದು ಗೆಜ್ಜೆವಸ್ತ್ರ ತಂದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು. ಅದರ ಮಡಿಕೆಯಲ್ಲಿ ಅತ್ತೆ ಇಡುವಂತೆಯೇ ಕರ್ಪೂರದ ಪೊಟ್ಟಣ ಇಟ್ಟು, ಕಾಗದದ ತುದಿಗೆ ಕಡ್ಡಿ ಗೀರಿ ಹಿಡಿದಳು. ಜಯಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹತ್ತಿ ಒಂದೇ ಉಸಿರಿಗೆ ಹೊತ್ತಿಕೊಂಡಿತು. ಕರ್ಪೂರ ಕರಗಿ ಕಲ್ಲಿನ ಮೇಲೆ ಹರಿದು ಹರಿದಲ್ಲೆಲ್ಲ ಉರಿಯಿತು. ಎರಡು ಚೊಂಬು ನೀರು ಸುರಿದ ಮೇಲೆ ನಿಂತಿತು. ಆರತಿ ತಟ್ಟೆಯಲ್ಲಿ ದೇವರ ಮುಖ ಬೆಳಗುವ ಬೆಂಕಿ, ಜನ ಕೂತ ವಿಮಾನದ ತಳದಲ್ಲಿ ಹೀಗೇ ಉರಿಯುತ್ತದೆ ಎಂದು ಅವಳಿಗೆ ಆವತ್ತು ಅರ್ಥವಾಯಿತು. ಹೆದರಿಕೆಯಾಯಿತು. ಹೆದರಿಕೆಯ ಬೆನ್ನಿಗೇ ತನ್ನ ಮೇಲೆ ಸಿಟ್ಟೂ ಬಂತು.

"ಬೆಳಿಗ್ಗೆ ಮೊದಲ ಟ್ರೈನಿಗೆ ತಿರುವನಂತಪುರಕ್ಕೆ ಹೋಗ್ತೀನಿ" ಎಂದಳು. ಜಯಣ್ಣ ಮಸಿ ಹಿಡಿದ ಕಲ್ಲನ್ನು ನೋಡುತ್ತಾ "ರಜ ಹಾಕ್ಲಾ?" ಎಂದ.

"ನೀವ್ ಬ್ಯಾಡಿ. ರುಜು ನಂದು."

ಬೆಳಿಗ್ಗೆ ಐದಕ್ಕೆ ನೋಡಿದರೆ ಚಂದ್ರಮ್ಮ ಸೀರೆ ಉಟ್ಟು, ಚಿತ್ರಾನ್ನದ ಡಬ್ಬಿ ಹಿಡಿದು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ ನಿಂತಿದ್ದರು. ಬೇಡವೆಂದರೆ ಕೇಳುವ ಪೈಕಿಯಲ್ಲ. ಟ್ರೈನಿನಲ್ಲಿ ಕಿಟಕಿ ಪಕ್ಕ ಕೂತವರು ಕೊಲ್ಲಂ ದಾಟುವವರೆಗೆ ಹೊರಗೇ ನೋಡುತ್ತಿದ್ದರು. ಆಮೇಲೆ ಕೇಳಿದರು.

"ಜೈಲಿಗೆ ಹಾಕ್ತಾರಾ?"

"ಗೊತ್ತಿಲ್ಲ ಅತ್ತೆಮ್ಮ."

"ಹಾಕಿದ್ರೆ ನಂಗೆ ಹಾಕ್ಲಿ. ನಿಂಗೆ ಬೆಳೆದ ಮಗಳವ್ಳೆ."

ಸುಮಿತ್ರಳಿಗೆ ನಗುವೂ ಬಂತು, ಅಳುವೂ ಬಂತು. ರಾತ್ರಿಯಿಡೀ ಅತ್ತೆಯ ಮೇಲೆ ಹಲ್ಲು ಕಡಿದದ್ದು ನೆನಪಾಗಿ ನಾಚಿಕೆಯಾಯಿತು. ಚಿತ್ರಾನ್ನದ ಡಬ್ಬಿ ತೆಗೆದು ಮೊದಲ ತುತ್ತನ್ನು ಅವರ ಕೈಗೆ ಹಾಕಿದಳು.

ಆಫೀಸು ವಿಮಾನ ನಿಲ್ದಾಣದ ಹತ್ತಿರ ಚಾಕ್ಕಾದಲ್ಲಿತ್ತು. ಅಪಾಯಕಾರಿ ಸರಕು ನೋಡಿಕೊಳ್ಳುವ ಅಧಿಕಾರಿಯ ಹಿಂದಿನ ಗೋಡೆಯ ಮೇಲೆ, ಮೂಲೆಯ ಮೇಲೆ ನಿಲ್ಲಿಸಿದ ಚೌಕಗಳ ಒಂದು ದೊಡ್ಡ ಪಟ. ಒಂದರಲ್ಲಿ ಬುರುಡೆ, ಒಂದರಲ್ಲಿ ಸಿಡಿಯುವ ಗುಂಡು, ಮೂರು ನಾಲ್ಕರಲ್ಲಿ ಬೆಂಕಿ. ಆಲುವದ ಪಕ್ಕದ ಏಲೂರಿನ ಕಾರ್ಖಾನೆಗಳಿಗೆ ಹೋಗುವ ಟ್ಯಾಂಕರುಗಳ ಬೆನ್ನ ಮೇಲೆ ಇಂಥವನ್ನೇ ಸುಮಿತ್ರ ಮೂರು ವರ್ಷದಿಂದ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು. ತನಗೂ ಅದಕ್ಕೂ ಏನು ನಂಟು ಎಂದುಕೊಂಡಿದ್ದಳು.

ತನ್ನ ಹರಕು ಮಲಯಾಳದಲ್ಲಿ ಶುರು ಮಾಡಿದವಳು ಒಂದು ಪದಕ್ಕೆ ತಡವರಿಸಿ ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದಳು. ಅಧಿಕಾರಿ ತಲೆಯೆತ್ತಿದರು. "ಕನ್ನಡದಲ್ಲೇ ಹೇಳಿ ಮಾರಾಯ್ರೆ. ನನ್ನದು ಕಾಸರಗೋಡು. ಕಮಲಾಕ್ಷ ಅಂತ." ಫೈಲು ತಿರುವಿ ಹಾಕಿ, "ಒಂದು ಡಬ್ಬದ ವಿಷಯಕ್ಕೆ ಆಲುವದಿಂದ ಇಲ್ಲಿವರೆಗೆ ಬಂದದ್ದಾ? ಒಂದು ಪತ್ರ ಬರೆದರೆ ಆಗ್ತಿತ್ತಲ್ಲ" ಎಂದರು.

ನೋಡಿ, ಆ ಪತ್ರ ಅವಳ ಚೀಲದಲ್ಲೇ ಇತ್ತು. ತೆಗೆದು ರುಜು ಹಾಕಿ ಕೊಟ್ಟಿದ್ದರೆ ಅವರು ಕಾಫಿ ತರಿಸುತ್ತಿದ್ದರು, ಖಾತೆಯ ಬೀಗ ತೆಗೆಯುತ್ತಿತ್ತು, ಮಧ್ಯಾಹ್ನದ ಗಾಡಿಗೆ ಊರು ಸೇರಬಹುದಿತ್ತು. ಸುಮಿತ್ರ ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಇಪ್ಪತ್ತೊಂದು ರಸೀದಿ ನಂಬರುಗಳಿದ್ದವು.

"ಒಂದಲ್ಲ ಸರ್. ಇಷ್ಟೂ ದಾರೀಲಿವೆ. ಎಲ್ಲದರಲ್ಲೂ ಕರ್ಪೂರ ಇದೆ. ನನಗೆ ನಿನ್ನೆ ಗೊತ್ತಾಯ್ತು. ಖಾತೆ ಏನಾದ್ರೂ ಮಾಡ್ಕೊಳ್ಳಿ, ಮೊದಲು ಇವನ್ನ ಇಳಿಸಿ."

ಕಮಲಾಕ್ಷ ಕನ್ನಡಕ ತೆಗೆದು ಹಾಳೆಯನ್ನೂ ಅವಳನ್ನೂ ನೋಡಿದರು. ಆಮೇಲೆ ಮಾತಿಲ್ಲ, ಫೋನು, ಫೋನು, ಫೋನು. ಮುಂಬೈ, ದೆಹಲಿ, ಬೆಂಗಳೂರು. ಒಂದೊಂದೇ ನಂಬರಿಗೆ ಗೀಟು ಎಳೆಯುತ್ತಾ ಹೋದರು. ಹದಿನೆಂಟು ಗೋದಾಮುಗಳಲ್ಲಿ ಸಿಕ್ಕವು. ಎರಡು ಆಗಲೇ ಮನೆ ಸೇರಿದ್ದವು. ಒಂದು ಉಳಿಯಿತು. ಗುವಾಹಟಿಯದು. ಅದು ಹೊತ್ತ ವಿಮಾನ ಅರ್ಧ ಗಂಟೆಯ ಹಿಂದೆ ಕೋಲ್ಕತ್ತಾದಿಂದ ಹಾರಿತ್ತು.

"ಇಳಿಯುವವರೆಗೆ ಮಾಡುವಂಥದ್ದು ಏನೂ ಇಲ್ಲ" ಎಂದರು ಕಮಲಾಕ್ಷ.

ಆ ಮುಕ್ಕಾಲು ಗಂಟೆಯಷ್ಟು ಉದ್ದದ ಹೊತ್ತನ್ನು ಸುಮಿತ್ರ ತನ್ನ ಬದುಕಿನಲ್ಲಿ ಕಳೆದಿರಲಿಲ್ಲ, ಪ್ರತೀಕ್ಷಾ ಹುಟ್ಟುವಾಗಲೂ. ಯಾರೋ ಕಟ್ಟನ್ ಚಾಯ ತಂದಿಟ್ಟರು. ಹಾಲಿಲ್ಲದ ಆ ಚಹಾ ಮುಟ್ಟದೆಯೇ ಆರಿತು. ಚಂದ್ರಮ್ಮ ಕೈ ಜೋಡಿಸಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು, ಹತ್ತಿ ಹೊಸೆಯುವಂತೆ ಬೆರಳಿಗೆ ಬೆರಳು ಉಜ್ಜುತ್ತಾ ಫೋನನ್ನೇ ನೋಡುತ್ತಿದ್ದರು. ಅದು ಬಡಿದುಕೊಂಡಿತು. ಕಮಲಾಕ್ಷ ಕೇಳಿಸಿಕೊಂಡು, ಕೊನೆಯ ನಂಬರಿಗೂ ಗೀಟು ಎಳೆದರು. "ಇಳಿಯಿತು. ಡಬ್ಬ ಸಿಕ್ಕಿತು."

ಆಗ ಚಂದ್ರಮ್ಮ ಎದ್ದು ನಿಂತರು. "ಸಾಮಿ, ಹಾಕಿದ್ದು ನಾನು. ಈ ಹೆಣ್ಣಲ್ಲ. ಇವಳು ಬ್ಯಾಡ ಅಂತ ಹೇಳಿದ್ಲು, ನಾನೇ ಕೇಳ್ನಿಲ್ಲ. ಏನು ಮಾಡ್ತೀರೋ ನಂಗೆ ಮಾಡಿ."

"ಕೂತುಕೊಳ್ಳಿ ಅಮ್ಮ. ನಮ್ಮ ಮನೆಯಲ್ಲಾದರೂ ಕರ್ಪೂರ ಇಲ್ಲದೆ ಪೂಜೆ ಉಂಟಾ? ಆದರೆ ಚೀಟಿಯಲ್ಲಿ ಯಾರ ರುಜು ಉಂಟೋ ಜವಾಬ್ದಾರಿ ಅವರದ್ದೇ."

"ಹಂಗಾದ್ರೆ ನನ್ ರುಜೂನೂ ಹಾಕಿಸ್ಕಳಿ. ಕಟ್ಟೋಳು ನಾನು, ಬೈಸ್ಕಳೋಳು ಇವಳು ಅಂದ್ರೆ ಯಾವ ನ್ಯಾಯ?"

ಕಮಲಾಕ್ಷ ನಗಲಿಲ್ಲ. "ಈ ಮಾತು ನಮ್ಮ ದೊಡ್ಡ ದೊಡ್ಡ ಪಾರ್ಟಿಗಳಿಗೆ ತಿಳಿಯುವುದಿಲ್ಲ ನೋಡಿ" ಎಂದು ಸುಮಿತ್ರಳ ಕಡೆ ತಿರುಗಿದರು. "ತುಂಬುವವರು ಒಬ್ಬರು, ರುಜು ಹಾಕುವವರು ಇನ್ನೊಬ್ಬರು, ಎಡವಟ್ಟು ಆಗುವುದೇ ಅಲ್ಲಿ. ಇನ್ನು ಮೇಲೆ ಪ್ರತಿ ಡಬ್ಬಕ್ಕೆ ಒಂದು ಪಟ್ಟಿ ಮಾಡಿ. ಒಳಗೆ ಇರುವುದೆಲ್ಲ ಅದರಲ್ಲಿ ಇರಬೇಕು. ಕಟ್ಟಿದವರ ರುಜು ಕೆಳಗೆ ಬೇಕು, ಯಾವ ಭಾಷೆಯಾದರೂ ಆದೀತು." ಆಮೇಲೆ ದನಿ ಬದಲಾಯಿತು. "ನೀವಾಗಿಯೇ ಬಂದು ಹೇಳಿದಿರಿ, ಸಂತೋಷ. ಆದರೆ ಸಂತೋಷಕ್ಕೂ ನಿಯಮಕ್ಕೂ ಸಂಬಂಧ ಇಲ್ಲ. ಮೂರು ತಿಂಗಳು ನಿಮ್ಮದು ಒಂದು ಕಾಗದವೂ ವಿಮಾನ ಹತ್ತುವುದಿಲ್ಲ."

ಮೂರು ತಿಂಗಳೆಂದರೆ ವರಮಹಾಲಕ್ಷ್ಮಿ, ಗೌರಿ, ನವರಾತ್ರಿ, ಎಲ್ಲ ಮುಗಿಯಿತು. ಬೇರೆ ಯಾರಾದರೂ ಕಣ್ಣೊರೆಸಿಕೊಂಡು ಎದ್ದು ಬರುತ್ತಿದ್ದರು. ಸುಮಿತ್ರ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ರಸ್ತೆ ಮೇಲೆ ಕಳಿಸಬಹುದಾ ಸರ್?"

"ಲಾರಿ ಸರ್ವೀಸಿನವರು ಒಪ್ಪಿದರೆ ಕಳಿಸಬಹುದು."

"ಕರ್ಪೂರ ಸಮೇತ?"

"ಸರಿಯಾಗಿ ಕಟ್ಟಿ, ಸರಿಯಾದ ಚೀಟಿ ಅಂಟಿಸಿದರೆ ಅದೂ ಆದೀತು."

"ಹಾಗಾದ್ರೆ ಹೇಳಿಕೊಡಿ. ಸಂಜೆ ಗಾಡಿ ಐದಕ್ಕಿದೆ, ಅಲ್ಲಿವರೆಗೆ ನಾನು ಏಳಲ್ಲ."

ಅವರು ಹೇಳಿಕೊಟ್ಟರು, ಹೇಳಿಕೊಡದೆ ಉಪಾಯವಿರಲಿಲ್ಲ. ಕರ್ಪೂರ ನಾಲ್ಕನೆಯ ವರ್ಗದ ಸರಕು, ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತು. ಅದಕ್ಕೆ ಲೋಕವೆಲ್ಲ ಒಪ್ಪಿದ ಒಂದು ನಂಬರಿದೆ, 2717. ಚೀಟಿ ಬಿಳಿಯದು, ಅದರ ಮೇಲೆ ನೆಟ್ಟಗೆ ಏಳು ಕೆಂಪು ಪಟ್ಟೆ, ಮೇಲೆ ಬೆಂಕಿಯ ಗುರುತು, ಕೆಳಮೂಲೆಯಲ್ಲಿ ನಾಲ್ಕು. ಬದಿ ಹತ್ತು ಸೆಂಟಿಮೀಟರು, ಮೂಲೆಯ ಮೇಲೆ ನಿಲ್ಲಿಸಿ ಅಂಟಿಸಬೇಕು. ಕರ್ಪೂರ ಹತ್ತಿಯ ಮಡಿಕೆಯಲ್ಲಲ್ಲ, ಗಾಳಿಯಾಡದ ಪುಟ್ಟ ತಗಡಿನ ಡಬ್ಬಿಯಲ್ಲಿ, ಅಲುಗಾಡದಂತೆ ಬೇರೆಯೇ ಇರಬೇಕು. ಸುಮಿತ್ರ ಎಲ್ಲವನ್ನೂ ಬರೆದುಕೊಂಡಳು. ಚಂದ್ರಮ್ಮ ಪಟದಲ್ಲಿದ್ದ ಪಟ್ಟೆ ಚೀಟಿಯನ್ನು ಹತ್ತಿರದಿಂದ ನೋಡಿ, "ನಮ್ಮ ಕರ್ಪೂರಕ್ಕೂ ಒಂದು ಬಾವುಟ ಐತೆ" ಎಂದರು.

ದೆಹಲಿ ಕಡೆಗೆ ಲಾರಿಯಲ್ಲಿ ಎಂಟು ದಿನ ಬೇಕು. ಎಂದರೆ ಮುಂದಿನ ಮಂಗಳವಾರದೊಳಗೆ ಡಬ್ಬಗಳೆಲ್ಲ ಹೊರಡಬೇಕು. ಸುಮಿತ್ರ ದುಡ್ಡು ಕೊಟ್ಟವರಿಗೆಲ್ಲ ಫೋನು ಮಾಡಿ, ಮುಚ್ಚುಮರೆಯಿಲ್ಲದೆ ಆದದ್ದು ಹೇಳಿ, ಕರ್ಪೂರ ಇಲ್ಲದ ಡಬ್ಬ ಬೇಕೋ ಇರುವುದು ಬೇಕೋ, ಇಲ್ಲ ದುಡ್ಡು ವಾಪಸು ಬೇಕೋ ಎಂದು ಕೇಳಿದಳು. ಹದಿನಾಲ್ಕು ಜನ ದುಡ್ಡು ವಾಪಸು ಕೇಳಿದರು. ಪುಣೆಯ ಒಬ್ಬಾಕೆ, ಡಬ್ಬ ಆಗಲೇ ಕೈಸೇರಿದವಳು, "ಅಯ್ಯೋ, ಕರ್ಪೂರ ನೋಡಿ ನನ್ನ ಕಣ್ಣು ತುಂಬಿ ಬಂತು ಕಣ್ರಿ, ಎಷ್ಟು ಕಾಳಜಿ ನಿಮ್ಮದು!" ಎಂದಳು. ಆ ಹೊಗಳಿಕೆ ಬೈಗುಳಕ್ಕಿಂತ ಕಷ್ಟವಾಯಿತು. "ಅದು ಬರಬಾರದಿತ್ತು ಕಣಮ್ಮ" ಎಂದು ಸುಮಿತ್ರ ಅವಳಿಗೂ ಎಲ್ಲ ವಿವರಿಸಿದಳು.

ಆಲುವದ ಪ್ರೆಸ್ಸಿನವನು ಕೆಂಪು ಪಟ್ಟೆಯನ್ನು ಗುಲಾಬಿ ಮಾಡಿ ಕೊಟ್ಟ. ಮದುವೆ ಕಾಗದದ ಶಾಯಿ ಉಳಿದಿತ್ತಂತೆ. ಸುಮಿತ್ರ ಅಷ್ಟನ್ನೂ ಹಿಂದಿರುಗಿಸಿ, ಮತ್ತೆ ಮುದ್ರಿಸುವವರೆಗೆ ಪ್ರೆಸ್ಸಿನ ಬಾಗಿಲಲ್ಲೇ ನಿಂತಳು. ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ಬಂದ ಜಯಣ್ಣ ಅಂಟಿಸಲು ಕೂತು, ಮೊದಲ ಹತ್ತನ್ನು ಗೋಡೆಗೆ ಫೋಟೋ ಹಾಕಿದಂತೆ ನೆಟ್ಟಗೆ ಅಂಟಿಸಿದ. "ಮೂಲೆ ಮೇಲೆ ರೀ, ಮೂಲೆ ಮೇಲೆ!" ಎಂದು ಬೈಸಿಕೊಂಡು, ಬಿಸಿನೀರು ಹಚ್ಚಿ ಕಿತ್ತು ಮತ್ತೆ ಅಂಟಿಸಿದ.

ಎಲ್ಲಕ್ಕಿಂತ ಕಷ್ಟವಾದದ್ದು ಲಾರಿ ಸರ್ವೀಸಿನವನನ್ನು ಒಪ್ಪಿಸುವುದು. ಬೈಪಾಸ್ ಹತ್ತಿರದ ಆ ಆಫೀಸಿನವನು ಚೀಟಿ ನೋಡಿದ್ದೇ ಕೈ ಅಡ್ಡ ಹಿಡಿದ. ಇದೇ ಕರ್ಪೂರವನ್ನು ಪೆಟ್ಟಿಗೆಗಟ್ಟಲೆ ಪೂಜಾ ಸಾಮಾನು ಎಂದು ಬರೆದು ಕಳಿಸುವವರಿದ್ದಾರೆ, ಅವರದ್ದೆಲ್ಲ ಹೋಗುತ್ತದೆ. ನೀವು ಯಾಕೆ ಬೆಂಕಿಯ ಚಿತ್ರ ಅಂಟಿಸಿಕೊಂಡು ಬಂದು ನನ್ನ ಡ್ರೈವರನನ್ನು ಹೆದರಿಸುತ್ತೀರಿ, ಕಿತ್ತುಹಾಕಿ ತನ್ನಿ, ಈಗಲೇ ಏರಿಸುತ್ತೇನೆ ಎಂದ. ಸತ್ಯ ಹೇಳಿದವಳಿಗೆ ಬಾಗಿಲು ಹಾಕಿ ಸುಳ್ಳು ಹೇಳುವವನಿಗೆ ಕಿಟಕಿ ತೆರೆದಿಡುವ ವ್ಯವಹಾರ ಇದು, ಆಲುವದಲ್ಲಿ ಮಾತ್ರವಲ್ಲ. ಸುಮಿತ್ರಳಿಗೆ ರೇಗಿತು.

"ಅವರದ್ದು ಅವರು ನೋಡ್ಕೊಳ್ಳಲಿ. ಚೀಟಿ ಕೀಳಲ್ಲ. ನಿಮ್ಮ ಡ್ರೈವರ್‌ಗೆ ಲಾರಿಯೊಳಗೆ ಏನಿದೆ ಅಂತ ಗೊತ್ತಿರಬೇಕು. ಗೊತ್ತಿದ್ರೆ ಡಬ್ಬದ ಹತ್ತಿರ ಬೀಡಿ ಹಚ್ಚಲ್ಲ."

ಇದನ್ನು ಅವಳು ಮಲಯಾಳದಲ್ಲೇ ಹೇಳಿದಳು. ಸಿಟ್ಟು ಬಂದಾಗ ಭಾಷೆ ತಾನಾಗಿ ಬರುತ್ತದೆ. ಕಮಲಾಕ್ಷರು ಬರೆದುಕೊಟ್ಟ ಹಾಳೆ ತೋರಿಸಿದಳು, ಎರಡು ಗಂಟೆ ಬೆಂಚಿನ ಮೇಲೆ ಕೂತಳು. ಕೊನೆಗೆ ಡ್ರೈವರನೇ ಬಂದು ಹಾಳೆ ಓದಿಸಿಕೊಂಡು, ಬಾಗಿಲ ಪಕ್ಕದಲ್ಲಿ ಬೇರೆಯಾಗಿ ಇಟ್ಟುಕೊಳ್ಳುತ್ತೇನೆ, ತನ್ನಿ ಎಂದ.

ಮಂಗಳವಾರ ಕೊನೆಯ ಕಂತು. ಗೇಟಿನ ಹತ್ತಿರ ಗೂಡ್ಸ್ ಆಟೋ ನಿಂತಿತ್ತು. ಜಗುಲಿಯ ಮೇಲೆ ಚಂದ್ರಮ್ಮ ಕೂತು, ಒಂದೊಂದು ಡಬ್ಬದ ಪಟ್ಟಿಯ ಕೆಳಗೂ ನಾಲಿಗೆ ಕಚ್ಚಿ ಹಿಡಿದು ಚಂ, ದ್ರ, ಮ್ಮ ಎಂದು ಬರೆಯುತ್ತಿದ್ದರು. ಎರಡನೇ 'ಮ'ದ ಒತ್ತು ಪ್ರತಿ ಸಲವೂ ಅಂಚಿನಾಚೆಗೆ ಜಾರುತ್ತಿತ್ತು. ಆಟೋದವನು ಎರಡು ಸಲ ಹಾರನ್ ಹೊಡೆದ. ಕೊನೆಯ ಡಬ್ಬ ಬಂದಾಗ ಚಂದ್ರಮ್ಮ ಪೆನ್ನು ಕೆಳಗಿಟ್ಟರು.

"ಇದ್ನ ನಾ ಕಟ್ಟಿಲ್ಲ."

"ನೀವು ಸ್ನಾನಕ್ಕೆ ಹೋಗಿದ್ರಲ್ಲ, ನಾನೇ ಕಟ್ಟಿದೆ ಅತ್ತೆಮ್ಮ. ಬರೀರಿ, ಆಟೋ ಕಾಯ್ತಿದೆ."

"ಒಳಗೇನೈತೆ ಅಂತ ನಾ ನೋಡಿಲ್ಲ. ನೋಡ್ದೆ ರುಜು ಹಾಕಲ್ಲ. ಬಿಚ್ಚು."

"ಟೇಪು ಸುತ್ತಾಗಿದೆ! ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?"

ಚಂದ್ರಮ್ಮ ಸೊಸೆಯ ಮುಖವನ್ನೇ ನೋಡಿದರು.

"ನಿಂಗೂ ನನ್ ಮೇಲೆ ನಂಬಿಕೆ ಇತ್ತು, ಅಲ್ವೇನವ್ವ?"

ಸುಮಿತ್ರ ಒಳಗೆ ಹೋಗಿ ಕತ್ತರಿ ತಂದಳು.